ತಾರೀಖು ಗೊತ್ತಿಲ್ಲದ ರೇಸಿಗೆ ತಯಾರಾಗುವುದು ಹೇಗೆ?

ಓದುಗರ ಪತ್ರ: “ಸಂಪಾದಕರೇ, ನಾನು ಫಾರ್ಮುಲಾ 1ರ ಕಂಪ್ಯೂಟರ್ ಆಟ ಆಡುವವನು. ಹಗಲು ತೋಟದ ಕೆಲಸ, ರಾತ್ರಿ ಸ್ಟೀರಿಂಗ್ ವೀಲ್. ಆ ಆಟದ ಅಧಿಕೃತ ಇ-ಸ್ಪೋರ್ಟ್ಸ್ ಸರಣಿಯನ್ನು, ಅಂದರೆ ಆ ಆಟದಲ್ಲೇ ನಡೆಯುವ ಪಂದ್ಯಾವಳಿಯನ್ನು, ಶುರುವಿನಿಂದ ನೋಡಿದ್ದೇನೆ. ಒಂದು ಸಲವಾದರೂ ಅರ್ಹತಾ ಸುತ್ತು ದಾಟಬೇಕು ಅಂತ ಆಸೆ ಇತ್ತು. ಈಗ ಸರಣಿ ಸೊರಗಿದೆ, ರೇಸು ಯಾವಾಗ ಅಂತಲೇ ಹೇಳುವುದಿಲ್ಲ ಅಂತ ಅಲ್ಲಿ ಓಡಿಸುವವರೇ ಬೇಸರ ತೋಡಿಕೊಂಡಿದ್ದಾರೆ. ಮನೆಯಲ್ಲಿ ಹೇಳಿದರೆ ‘ವಿಡಿಯೊ ಗೇಮಿಗೆಲ್ಲ ಯಾರಾದ್ರೂ ಬೇಜಾರು ಮಾಡ್ಕೊಳ್ತಾರಾ’ ಅಂತಾರೆ. ಆಯೋಜಕರಿಗೂ ಲಾಭ ನಷ್ಟ ಇರುತ್ತದೆ, ಅದೂ ಸರಿ. ನೀವೇನು ಹೇಳುತ್ತೀರಿ? ವೀಲನ್ನಂತೂ ಅಟ್ಟಕ್ಕೆ ಹಾಕಿದ್ದೇನೆ.”
ತೀರ್ಥಹಳ್ಳಿ ತಾಲ್ಲೂಕಿನ ಓದುಗರು (ಹೆಸರು ಹಾಕಬೇಡಿ ಅಂದಿದ್ದಾರೆ)

ಸಂಪಾದಕರ ಉತ್ತರ:

ಬೇಜಾರು ಮಾಡಿಕೊಳ್ಳಬೇಕಾದ ವಿಷಯವೇ ಮಾರಾಯ್ರೇ. ನಿಮ್ಮ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕಾಣುವುದು ಒಂದು ಮೇಜು, ಒಂದು ಪರದೆ, ರಾತ್ರಿ ಹನ್ನೆರಡರ ತನಕ ಉರಿಯುವ ಲೈಟು ಅಷ್ಟೇ. ಆದರೆ ನೀವು ಕೂಡ ಪತ್ರದ ಕೊನೆಗೆ ‘ಅದೂ ಸರಿ’ ಅಂತ ಸೇರಿಸಿದ್ದೀರಲ್ಲ, ಅದು ನನಗೆ ಹಿಡಿಸಲಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಒಂದು ವಾರ ರಾತ್ರಿ ಹೊತ್ತು ಕೂತು ಆ ಸರಣಿಯ ಹಳೆಯ ರೇಸುಗಳನ್ನು ನೋಡಿದೆ, ಅದರ ಕತೆ ಓದಿದೆ. ಎಂಥ ಚಂದದ ಶುರು ಅದು! 2017ರಲ್ಲಿ ಮೊದಲ ಸಲ ನಡೆದಾಗ ಆಟದ ಡಿಸ್ಕು ಇದ್ದ ಯಾರು ಬೇಕಾದರೂ ಮನೆಯಲ್ಲೇ ಕೂತು ಲ್ಯಾಪ್ ಹಾಕಿ ಅರ್ಹತೆಗೆ ಪ್ರಯತ್ನ ಮಾಡಬಹುದಿತ್ತು. ಫೈನಲ್ ನಡೆದದ್ದು ಅಬುಧಾಬಿಯಲ್ಲಿ, ಅಸಲಿ ರೇಸ್ ನಡೆಯುವ ಜಾಗದಲ್ಲೇ. ಗೆದ್ದವನು ಇಂಗ್ಲೆಂಡಿನ ರೆಡಿಂಗ್ ಊರಿನ ಬ್ರೆಂಡನ್ ಲೀ, ಆಗ 18 ವರ್ಷ. ಮರುವರ್ಷ ಅಸಲಿ ತಂಡಗಳೇ ಬಂದವು, ಫೆರಾರಿ ಒಂದು ಬಿಟ್ಟು. ಅದೂ 2019ಕ್ಕೆ ಬಂತು, ಬಂದ ವರ್ಷವೇ ಇಟಲಿಯ ಡೇವಿಡ್ ಟೊನಿಜ್ಜಾ ಫೆರಾರಿ ಅಂಗಿ ಹಾಕಿಕೊಂಡು ಗೆದ್ದ. ಬಹುಮಾನದ ಒಟ್ಟು ಮೊತ್ತ 2018ರಲ್ಲಿ 2 ಲಕ್ಷ ಡಾಲರ್ ಇದ್ದದ್ದು 2019ಕ್ಕೆ 5 ಲಕ್ಷ, 2020ಕ್ಕೆ 7.5 ಲಕ್ಷ ಆಯಿತು. ಆ ವರ್ಷ ಕೊರೊನಾ ಬಂದು ನಿಜವಾದ ಕಾರುಗಳೆಲ್ಲ ಷೆಡ್ಡಿನಲ್ಲಿ ನಿಂತಾಗ ಚಾರ್ಲ್ಸ್ ಲೆಕ್ಲೆರ್, ಲ್ಯಾಂಡೊ ನಾರಿಸ್ ಥರದ ಅಸಲಿ ಡ್ರೈವರುಗಳೇ ಮನೆಯಲ್ಲಿ ಕೂತು ಇದೇ ಆಟ ಆಡಿದರು, ಜಗತ್ತು ನೋಡಿತು.

ಆಮೇಲೆ? 2023ರ ಜೂನ್‌ನಲ್ಲಿ ಬಂದ ಆಟದ ಮೇಲೆ ನಡೆಯಬೇಕಿದ್ದ ಸರಣಿ ಆ ವರ್ಷ ಮುಗಿಯಲೇ ಇಲ್ಲ, 2024ಕ್ಕೆ ಎಳೆಯಿತು. 2024ರ ಮೇ ಕೊನೆಗೆ ಮುಂದಿನ ಆಟವೇ ಮಾರಾಟಕ್ಕೆ ಬಂತು. ಇದರ ಅರ್ಥ ನಿಮಗೆ ಗೊತ್ತು, ಉಳಿದ ಓದುಗರಿಗಾಗಿ ಹೇಳುತ್ತೇನೆ. ಹೊಸ ಆಟ ಬಂದಾಗಲೆಲ್ಲ ಕಾರು ತಿರುಗುವ ರೀತಿ, ಟೈರು ಹಿಡಿಯುವ ರೀತಿ, ಬ್ರೇಕ್ ಹಾಕುವ ಜಾಗ ಎಲ್ಲ ಬದಲಾಗುತ್ತದೆ. ಈ ಮಟ್ಟದಲ್ಲಿ ಮೊದಲನೆಯವನಿಗೂ ಹತ್ತನೆಯವನಿಗೂ ನಡುವೆ ಇರುವುದು ಸೆಕೆಂಡಿನ ಹತ್ತರಲ್ಲಿ ಎರಡು ಮೂರು ಪಾಲು. ಆ ಎರಡು ಪಾಲಿಗಾಗಿ ಒಬ್ಬ ಹುಡುಗ ದಿನಕ್ಕೆ ಗಂಟೆಗಟ್ಟಲೆ ಒಂದೇ ತಿರುವನ್ನು ತಿರುಗಿಸಿ ತಿರುಗಿಸಿ ಕಲಿತಿರುತ್ತಾನೆ, ಕಾಲೇಜು ಬಿಟ್ಟಿರುತ್ತಾನೆ ಅಥವಾ ಕೆಲಸಕ್ಕೆ ರಜೆ ಹಾಕಿರುತ್ತಾನೆ, ಮತ್ತೆ ಅವನಿಗೆ ಯಾವಾಗ ರೇಸು ಅಂತಲೇ ಗೊತ್ತಿಲ್ಲ ಅಂದರೆ! ಆ ಸಲ ಗೆದ್ದವರು ಡೆನ್ಮಾರ್ಕಿನ ಫ್ರೆಡರಿಕ್ ರಾಸ್ಮುಸೆನ್. ವರ್ಷಗಟ್ಟಲೆ ಪಟ್ಟು ಹಿಡಿದು ಓಡಿಸಿದ ಮನುಷ್ಯ. ಅವರಿಗೆ ಪಟ್ಟ ಸಿಕ್ಕಿದ್ದು ಎಲ್ಲರೂ ಬೇಸರದಲ್ಲಿದ್ದ ವರ್ಷ. ಓದುವಾಗ ಅದೊಂದು ನನ್ನನ್ನು ಜಾಸ್ತಿ ಕಾಡಿತು.

ಆಯೋಜಕರ ಕಡೆಗೂ ಮಾತಿದೆ, ಒಪ್ಪುತ್ತೇನೆ. ದೊಡ್ಡ ಸ್ಟುಡಿಯೊ, ಕ್ಯಾಮೆರಾ, ಕಾಮೆಂಟರಿ ಎಲ್ಲ ದುಬಾರಿ. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು ನೋಡಿದ ಜನ ಆಮೇಲೆ ಹೊರಗೆ ಹೋದರು. ದುಡ್ಡು ಹಾಕುವವರು ಕೈ ಎಳೆದರು. ಸರಿ. ದುಡ್ಡು ಕಮ್ಮಿ ಆದರೆ ಬಹುಮಾನ ಕಮ್ಮಿ ಮಾಡಿ, ಸ್ಟುಡಿಯೊ ಚಿಕ್ಕದು ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ತಾರೀಖು ಹೇಳಲು ಎಷ್ಟು ದುಡ್ಡು ಬೇಕು?

ನಮ್ಮ ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಜಾತ್ರೆ ಅಂದ ಮೇಲೆ ಜಂಗಿ ಕುಸ್ತಿ ಇದ್ದದ್ದೇ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರು ಪೈಲ್ವಾನರಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗರಡಿಗೆ ಹೋಗುವರು, ಮಟ್ಟಿ ಅಗೆದು ಹದ ಮಾಡುವರು. ‘ಮೂರು ವರ್ಷ ಕಾಯೋದು ಬೇಜಾರಲ್ವಾ’ ಅಂತ ಕೇಳಿದ್ದೆ. ಅವರು ಬೆರಳು ಮಡಚಿ ಎಣಿಸಿ ತೋರಿಸಿದರು: ಈ ಮಳೆಗಾಲ ಕಳೆಯಬೇಕು, ಇನ್ನೊಂದು, ಮತ್ತೊಂದು, ಆಮೇಲೆ ಅಖಾಡ. ಅವರ ಲೆಕ್ಕ ಅಷ್ಟು ಸ್ಪಷ್ಟವಾಗಿತ್ತು. ಯಾವ ತಿಂಗಳು ಎಷ್ಟು ಸಾಮು, ಯಾವಾಗ ಊಟ ಹೆಚ್ಚಿಸಬೇಕು, ಯಾವಾಗ ಇಳಿಸಬೇಕು ಎಲ್ಲ ಆ ಲೆಕ್ಕದ ಮೇಲೆ. ಮೂರು ವರ್ಷ ಅವರಿಗೆ ಭಾರ ಆಗಲಿಲ್ಲ. ಮೂರು ವಾರವಾದರೂ ಸರಿ, ಯಾವಾಗ ಅಂತ ಗೊತ್ತಿಲ್ಲದಿದ್ದರೆ ಅದೇ ಭಾರ.

ಸೊರಬ, ಶಿಕಾರಿಪುರದ ಕಡೆ ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ ನೋಡಿದ್ದೀರಲ್ಲ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು. ಜನ ನೋಡುವುದು ಆ ಅರ್ಧ ನಿಮಿಷದ ಓಟ. ಹೋರಿ ಕಟ್ಟಿದವನಿಗೆ ಅದು ಇಡೀ ವರ್ಷದ ಕೆಲಸ: ಹುರುಳಿ ಬೇಯಿಸಿ ಹಾಕಿದ್ದು, ಕೆರೆಯಲ್ಲಿ ಈಜಿಸಿದ್ದು, ಜನರ ಗಲಾಟೆಗೆ ಬೆದರದ ಹಾಗೆ ರೂಢಿ ಮಾಡಿಸಿದ್ದು. ಮೈಕಿನಲ್ಲಿ ಹೋರಿಯ ಹೆಸರು ಕೂಗಿದಾಗ ಅವನ ಮುಖ ನೋಡಬೇಕು. ಆಟ ಅಂದರೆ ಆ ಮುಖ. ನೋಡುವವರು ಬರುತ್ತಾರೆ, ಹೋಗುತ್ತಾರೆ, ಅವರಿಗೆ ಮಂಡಕ್ಕಿ ತಿನ್ನಲು ಇನ್ನೊಂದು ಜಾಗ ಸಿಗುತ್ತದೆ. ಬೆವರು ಹರಿಸಿ ಬಂದವನಿಗೆ ಇನ್ನೊಂದು ಜಾಗ ಇಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಕೊಯ್ಲಾದ ಗದ್ದೆಯಲ್ಲಿ ಜೀಪಿನ ರೇಸು ಇಟ್ಟಿದ್ದರು. ಯಾರು ಇಟ್ಟಿದ್ದು ಅಂತ ಹೇಳುವುದಿಲ್ಲ, ಅದು ಮುಖ್ಯವಲ್ಲ. ಪ್ರವೇಶ ಫೀಸು ಮೊದಲೇ ತಗೊಂಡರು. ತಾರೀಖು ಮೂರು ಸಲ ಬದಲಾಯಿತು. ಕೊನೆಗೆ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ವಾಟ್ಸಾಪಿನಲ್ಲಿ ಒಂದು ಸಾಲು: ರೇಸು ಇಲ್ಲ. ಅಷ್ಟು ಹೊತ್ತಿಗೆ ಹೊಸನಗರ ಕಡೆಯ ಒಬ್ಬ ಹುಡುಗ ಜೀಪನ್ನು ಬಾಡಿಗೆ ಲಾರಿಯಲ್ಲಿ ಹೇರಿಕೊಂಡು ಬಂದಾಗಿತ್ತು. ವರದಿ ಮಾಡಲು ಹೋದ ನಾನು, ಆ ಹುಡುಗ, ಲಾರಿಯವನು, ಮೂವರೇ ಗದ್ದೆ ಬದುವಿನ ಮೇಲೆ ಕೂತಿದ್ದೆವು. ಅವನು ಬೈಯಲಿಲ್ಲ. ‘ಸಸ್ಪೆನ್ಷನ್ ಹೊಸದು ಹಾಕ್ಸಿದ್ದೆ ಸರ್’ ಅಂದ, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅವನೇ.

ದೊಡ್ಡ ಜಾಗದಲ್ಲೂ ಇದೇ ಕತೆ. 2020ರ ಜೂನ್‌ನಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸನ್ನು ಕಂಪ್ಯೂಟರಿನಲ್ಲಿ ನಡೆಸಿದರು. 50 ಕಾರು, 200 ಡ್ರೈವರುಗಳು. ಅಸಲಿ ಡ್ರೈವರುಗಳೂ ಸಿಮ್ ರೇಸಿಂಗಿನ (ಕಂಪ್ಯೂಟರಿನಲ್ಲೇ ರೇಸ್ ಓಡಿಸುವ) ಹುಡುಗರೂ ಒಂದೇ ಕಾರಿನ ಸ್ಟೀರಿಂಗನ್ನು ಪಾಳಿಯಲ್ಲಿ ಹಿಡಿದರು. ಅದರಿಂದ ಒಂದು ಸರಣಿಯೇ ಹುಟ್ಟಿತು. 2023ರ ಜನವರಿಯ ರೇಸಿನಲ್ಲಿ ಫಾರ್ಮುಲಾ 1 ಚಾಂಪಿಯನ್ ಮ್ಯಾಕ್ಸ್ ವರ್‌ಸ್ಟಾಪನ್ ಮುಂದಿದ್ದಾಗ ಸರ್ವರ್ ಸಂಪರ್ಕ ಕಡಿದು ಹೋಯಿತು. ಅವರು ನೇರ ಪ್ರಸಾರದಲ್ಲೇ ಸಿಟ್ಟಿನಿಂದ ಮಾತಾಡಿದರು. ಮುಂದಿನ ಋತು ನಡೆಯಲೇ ಇಲ್ಲ. ಜಗತ್ತಿನ ಚಾಂಪಿಯನ್ ಆದವನಿಗೆ ಬೈಯಲು ಮೈಕು ಇರುತ್ತದೆ. ಅವನ ಹಿಂದೆ ಹದಿನೈದನೇ ಸ್ಥಾನದಲ್ಲಿದ್ದ ಹುಡುಗನ ಮಾತು ಯಾರಿಗೆ ಕೇಳಿತು?

ಕುಸ್ತಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇರುವುದು. ಕುಸ್ತಿಗೆ ಮಾಲೀಕರಿಲ್ಲ. ಒಂದು ಊರಿನ ಕಮಿಟಿ ಜಗಳ ಆಡಿಕೊಂಡು ಅಖಾಡ ನಿಲ್ಲಿಸಿದರೆ ಪಕ್ಕದ ಊರಿನವರು ಮಣ್ಣು ಹಾಕಿ ಶುರು ಮಾಡಬಹುದು. ಫಾರ್ಮುಲಾ 1ರ ಆಟಕ್ಕೆ ಹಾಗಲ್ಲ. ಹೆಸರಿನ ಹಕ್ಕು ಒಬ್ಬರದ್ದು, ಆಟ ಇನ್ನೊಬ್ಬರದ್ದು, ಸರ್ವರ್ ಅವರದ್ದೇ. ಕೋಡ್‌ಮಾಸ್ಟರ್ಸ್ ಅನ್ನುವ ಇಂಗ್ಲೆಂಡಿನ ಕಂಪನಿ ಈ ಆಟ ಮಾಡುತ್ತಿತ್ತು, 2021ರಲ್ಲಿ ಅದನ್ನು ಅಮೆರಿಕದ ಗೇಮ್ ಕಂಪನಿ ಇಎ ಸುಮಾರು 120 ಕೋಟಿ ಡಾಲರಿಗೆ ಕೊಂಡಿತು. ಇಷ್ಟು ದೊಡ್ಡ ಲೆಕ್ಕದ ಪುಸ್ತಕದಲ್ಲಿ ಇ-ಸ್ಪೋರ್ಟ್ಸ್ ಸರಣಿ ಅನ್ನುವುದು ಆಟ ಮಾರುವ ಪ್ರಚಾರದ ಖರ್ಚಿನ ಒಂದು ಸಾಲು. ಪ್ರಚಾರದ ಖರ್ಚು ಕಡಿಮೆ ಮಾಡಿ ಅಂದ ದಿನ ಮೊದಲು ಹೊಡೆಯುವುದು ಆ ಸಾಲನ್ನೇ. ಅದೇ ಕಂಪನಿ ರ‍್ಯಾಲಿ ಆಟವನ್ನೂ 2023ರ ನವೆಂಬರ್‌ನಲ್ಲಿ ತಂದಿತ್ತು, 2025ಕ್ಕೆ ಇನ್ನು ಮುಂದೆ ಅದರ ಕೆಲಸ ಇಲ್ಲ ಅಂತ ನಿಲ್ಲಿಸಿತು. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ನಡೆಯುವ ರ‍್ಯಾಲಿಯನ್ನು ದರೆ ಮೇಲೆ ನಿಂತು ನೋಡಿ ಬೆಳೆದ ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಆ ಆಟವೇ ರ‍್ಯಾಲಿ ಕಾರಿನ ಸ್ಟೀರಿಂಗ್ ಹಿಡಿಯಲು ಇದ್ದ ಒಂದೇ ದಾರಿ.

ಬೇರೆ ಥರ ಮಾಡಲು ಆಗುವುದಿಲ್ಲ ಅಂತೇನಿಲ್ಲ. ಅಮೆರಿಕದ ಐರೇಸಿಂಗ್ ಅನ್ನುವ ರೇಸಿನ ಆಟ 2008ರಿಂದ ಇದೆ. ಅದಕ್ಕೆ ವರ್ಷಕ್ಕೊಂದು ಹೊಸ ಡಿಸ್ಕು ಮಾರುವ ಅವಸರವಿಲ್ಲ, ಆಡುವವರೇ ಚಂದಾ ಕಟ್ಟುತ್ತಾರೆ. ಅಲ್ಲಿನ ಕಾರ್ ರೇಸು ನಡೆಸುವ ಸಂಸ್ಥೆ ನ್ಯಾಸ್ಕಾರ್ ಜೊತೆ ಅವರು ನಡೆಸುವ ಸರಣಿ 2010ರಲ್ಲಿ ಶುರುವಾಯಿತು. ವಿಲಿಯಂ ಬೈರನ್ ಅನ್ನುವ ಹುಡುಗ ಕಂಪ್ಯೂಟರಿನಲ್ಲಿ ಇದನ್ನೇ ಆಡಿ ಕಲಿತು ಅಸಲಿ ಕಾರಿಗೆ ಹತ್ತಿದ, 2024 ಮತ್ತು 2025ರಲ್ಲಿ ಸಾಲಾಗಿ ಎರಡು ಸಲ ನ್ಯಾಸ್ಕಾರಿನ ದೊಡ್ಡ ರೇಸು ಡೇಟೋನಾ 500 ಗೆದ್ದ. ಮನೆಯವರಿಗೆ ಇದನ್ನು ಓದಿ ಹೇಳಿ. ಅದಕ್ಕೂ ಮೊದಲು ಜಾನ್ ಮಾರ್ಡನ್‌ಬರೊ 2011ರಲ್ಲಿ ಗ್ರಾನ್ ಟುರಿಸ್ಮೊ ಆಟದ ಸ್ಪರ್ಧೆ ಗೆದ್ದು, ಎರಡೇ ವರ್ಷದಲ್ಲಿ ಅಸಲಿ ಲೆ ಮಾನ್ಸ್‌ನಲ್ಲಿ ತನ್ನ ವಿಭಾಗದ ಮೂರನೇ ಸ್ಥಾನಕ್ಕೆ ಬಂದಿದ್ದ.

ಚಂದಾ ಅಂದರೆ ನನಗೆ ಒಂದು ಸಲಿಗೆ ಇದೆ. ನಮ್ಮ ಪತ್ರಿಕೆ ನಡೆಯುವುದೂ ಚಂದಾದಾರರಿಂದಲೇ. ಜಾಹೀರಾತು ಬಂದ ತಿಂಗಳು ಬರುತ್ತದೆ, ಬರದ ತಿಂಗಳು ಇಲ್ಲ. ಆದರೆ ಅಂಚೆಯಣ್ಣ ನಿಮ್ಮ ಮನೆಗೆ ತರುವ ದಿನ ತಪ್ಪಿದರೆ ನೀವು ಫೋನ್ ಮಾಡಿ ಕೇಳುತ್ತೀರಿ, ಕೇಳುವ ಹಕ್ಕೂ ನಿಮಗಿದೆ. ಫಾರ್ಮುಲಾ 1 ಆಟದ ಸರಣಿಯ ಡ್ರೈವರುಗಳಿಗೆ ಇಲ್ಲದ್ದು ಅದೇ ಹಕ್ಕು.

ಇದು ಬರೀ ರೇಸಿನ ಮಾತಲ್ಲ ಅಂತ ನಿಮಗೆ ಅನ್ನಿಸುತ್ತಿರಬೇಕು. ಹೌದು, ಅಲ್ಲ. ನಿಮ್ಮ ವಯಸ್ಸಿನವರು ಶಿವಮೊಗ್ಗದ ಲೈಬ್ರರಿಗಳಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಕೂತಿರುತ್ತಾರೆ, ಬಾಟಲಿಯಲ್ಲಿ ನೀರು, ಡಬ್ಬಿಯಲ್ಲಿ ಚಿತ್ರಾನ್ನ. ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಾರೆ. ಪರೀಕ್ಷೆ ಯಾವಾಗ ಅಂತ ಕೇಳಿದರೆ ಅವರಿಗೇ ಗೊತ್ತಿಲ್ಲ. ಮುಂದೆ ಹೋಗುತ್ತದೆ, ಮತ್ತೆ ಮುಂದೆ ಹೋಗುತ್ತದೆ, ಅಷ್ಟರಲ್ಲಿ ವಯಸ್ಸಿನ ಮಿತಿ ಹತ್ತಿರ ಬರುತ್ತದೆ. ತಾಲ್ಲೂಕು ಮಟ್ಟದ ಓಟಕ್ಕೆ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ ಅತಿಥಿಗಳಿಗಾಗಿ ಎರಡು ಗಂಟೆ ಕಾಯಿಸುತ್ತಾರೆ, ಕಾಲು ಮರಗಟ್ಟಿದ ಮೇಲೆ ಓಡಿ ಅಂತಾರೆ. ತಯಾರಾಗಿ ಬಂದವರನ್ನು ಕಾಯಿಸುವುದು ನಮ್ಮಲ್ಲಿ ತಪ್ಪು ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಕಾಯಿಸುವವರು ದೊಡ್ಡವರು, ಕಾಯುವವರು ಚಿಕ್ಕವರು ಅನ್ನುವ ಲೆಕ್ಕ. ನನಗೆ ಇದರ ಮೇಲೆ ಮೂವತ್ತು ವರ್ಷದಿಂದ ಸಿಟ್ಟಿದೆ, ಇನ್ನೂ ಆರಿಲ್ಲ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಬಹುಕ್ರೀಡಾ ಕೂಟಗಳ ಒಂದು ಭಾಗ ಅಂತ ಒಪ್ಪಿ ಕ್ರೀಡಾ ಇಲಾಖೆಗೆ ಸೇರಿಸಿತು. 2025ರಲ್ಲಿ ಬಂದ ಕಾನೂನು ದುಡ್ಡು ಕಟ್ಟಿ ಆಡುವ ಆಟ ಬೇರೆ, ಇ-ಸ್ಪೋರ್ಟ್ಸ್ ಬೇರೆ ಅಂತ ಗೆರೆ ಎಳೆಯಿತು. ಒಳ್ಳೆಯದೇ ಆಯಿತು. ಆದರೆ ಕಾನೂನಿನಲ್ಲಿ ಹೆಸರು ಬಂದ ಮಾತ್ರಕ್ಕೆ ಆಗುಂಬೆ ಘಾಟಿಯ ಕೆಳಗೆ, ಮೇಲೆ, ಜುಲೈ ತಿಂಗಳಲ್ಲಿ ಕರೆಂಟು ಹೋಗುವುದು ತಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ನಾವಿಲ್ಲಿ ಅಚ್ಚು ಹಾಕದ ಭಾಗದಲ್ಲಿ ಒಂದೇ ಸಾಲಿನಲ್ಲಿ ಬರೆದು ದಾಟಿಸಿದ್ದೀರಿ: ಮರ ಬಿದ್ದು ಕೇಬಲ್ ಹರಿದು ಒಂಬತ್ತು ದಿನ ಇಂಟರ್ನೆಟ್ ಇಲ್ಲದಾಗ ಆಫ್‌ಲೈನಲ್ಲೇ ಲ್ಯಾಪ್ ಹಾಕುತ್ತಿದ್ದೆ, ಯುಪಿಎಸ್ ಕೂಗಿದ ಮೇಲೂ ಒಂದು ಲ್ಯಾಪ್ ಮುಗಿಸುತ್ತಿದ್ದೆ ಅಂತ. ಅಡಿಕೆ ಸುಲಿದು ಕಪ್ಪಾದ ಬೆರಳಲ್ಲಿ! ಇಷ್ಟು ಮಾಡಿದವರು ‘ಅದೂ ಸರಿ’ ಅಂತ ಯಾಕೆ ಬರೆಯಬೇಕು? ಆಯೋಜಕರ ಪರವಾಗಿ ಮಾತಾಡಲು ಆಯೋಜಕರಿದ್ದಾರೆ, ಅವರಿಗೆ ಸಂಬಳ ಕೊಟ್ಟು ಇಟ್ಟುಕೊಂಡ ಜನರಿದ್ದಾರೆ. ನಿಮ್ಮ ಪರವಾಗಿ ನೀವಾದರೂ ಇರಿ.

ಆ ಡ್ರೈವರುಗಳು ಬಾಯಿ ಬಿಟ್ಟು ಹೇಳಿದ್ದನ್ನು ಕೆಲವರು ಕೃತಜ್ಞತೆ ಇಲ್ಲದ ಮಾತು ಅಂದರಂತೆ. ನನಗೆ ಹಾಗೆ ಕಾಣುವುದಿಲ್ಲ. ಮುಂದಿನ ಸಲ ತಂಡ ತಗೊಳ್ಳದೇ ಹೋಗಬಹುದು ಅನ್ನುವ ಭಯ ಇಟ್ಟುಕೊಂಡೇ ಅವರು ಮಾತಾಡಿದ್ದಾರೆ. ಆಟ ಬೇಡವಾದವನು ಸುಮ್ನೆ ಎದ್ದು ಹೋಗುತ್ತಾನೆ. ಬೇಕಾದವನೇ ನಿಂತು ಜಗಳ ಆಡುತ್ತಾನೆ.

ಈಗ ನಿಮಗೆ ಒಂದು ಕೆಲಸ. ನಮ್ಮ ಪತ್ರಿಕೆಯಲ್ಲಿ ಯಕ್ಷಗಾನಕ್ಕೆ, ಅಡಿಕೆ ಧಾರಣೆಗೆ, ಕುಸ್ತಿಗೆ ಪುಟ ಇದೆ, ಸಿಮ್ ರೇಸಿಂಗಿಗೆ ಇಲ್ಲ. ನೀವು ಬರೆಯಿರಿ. ಒಂದು ತಿರುವನ್ನು ಕಲಿಯುವುದು ಅಂದರೆ ಏನು, ಬ್ರೇಕನ್ನು ಎಲ್ಲಿ ಬಿಡಬೇಕು ಅಂತ ಕಾಲಿಗೆ ಹೇಗೆ ಗೊತ್ತಾಗುತ್ತದೆ, ಬೇರೆ ದೇಶದವರ ಜೊತೆ ಓಡಿಸುವಾಗ ನಮ್ಮ ಇಂಟರ್ನೆಟ್ಟಿನಿಂದ ಏನೇನು ತೊಂದರೆ, ಎಲ್ಲ ಬರೆಯಿರಿ. ಬರುವ 20ನೇ ತಾರೀಖಿನೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಎತ್ತಿಟ್ಟಿದ್ದೇನೆ, ಬೇರೆ ಏನೇ ಬಂದರೂ ಆ ಪುಟ ಮುಟ್ಟುವುದಿಲ್ಲ.

ಮತ್ತೆ ಆ ವೀಲನ್ನು ಇವತ್ತೇ ಅಟ್ಟದಿಂದ ಇಳಿಸಿ. ಈ ಮಳೆಗೆ ಅಟ್ಟದಲ್ಲಿಟ್ಟ ಚರ್ಮದ ವಸ್ತುವಿಗೆ ಹದಿನೈದು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಅಡಿಗೆ ಒಲೆಯ ಹತ್ತಿರ ಎರಡು ದಿನ ಇಡಿ, ಆದರೆ ತೀರಾ ಹತ್ತಿರ ಬೇಡ.