ಊರಿಗೆ ಹೋದಾಗ ತೋರಿಸೋಣ ಅನ್ನುವವರಿಗೆ

ತಂಗಿ, ದಾವಣಗೆರೆ ಬಿಟ್ಟು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದಿದ್ದೀರಿ, ಇನ್ನೂ ಮನೆ ಸಾಮಾನು ಪೂರ್ತಿ ಬಿಚ್ಚಿಲ್ಲ ಅಂತ ಬರೆದಿದ್ದೀರಿ. ಇಲ್ಲಿನ ಜೀವನ ಹೇಗೆ, ಮಗಳ ಸ್ಕೂಲು, ಚಳಿಗೆ ಯಾವ ಜಾಕೆಟ್ಟು ಅಂತೆಲ್ಲ ಕೇಳಿದ ಮೇಲೆ ಕೊನೆಯ ಸಾಲಿನಲ್ಲಿ ಅಸಲು ಸಂಗತಿ: ಯಜಮಾನರಿಗೆ ಒಂದು ಕಡೆ ಬೀಜದಲ್ಲಿ ಗಟ್ಟಿ ಗಂಟು ಸಿಕ್ಕಿದೆ, ಡಾಕ್ಟರ ಮಾತೆತ್ತಿದರೆ ಸಿಡುಕುತ್ತಾರೆ, ಡಿಸೆಂಬರಿನಲ್ಲಿ ಊರಿಗೆ ಹೋದಾಗ ತೋರಿಸಿದರಾಯ್ತು ಅನ್ನುತ್ತಾರೆ. ಸ್ಕೂಲು, ಜಾಕೆಟ್ಟಿಗೆಲ್ಲ ಬೇರೆ ಬರೆಯುತ್ತೇನೆ. ಇದನ್ನು ಡಿಸೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ.

ಅವರು ಹಾಗನ್ನುವುದರಲ್ಲಿ ಲೆಕ್ಕವಿಲ್ಲದಿಲ್ಲ. ಊರಲ್ಲಾದರೆ ನೇರ ಸರ್ಜನ್ ಹತ್ತಿರ ಹೋಗುತ್ತೇವೆ, ಮಧ್ಯಾಹ್ನದೊಳಗೆ ಸ್ಕ್ಯಾನ್, ಸಂಜೆಗೆ ರಿಪೋರ್ಟು. ಇಲ್ಲಿ ಎಲ್ಲದಕ್ಕೂ ಮೊದಲು ಜಿಪಿ, ಅಂದರೆ ನಾವು ಹೆಸರು ಬರೆಸಿದ ಬಡಾವಣೆಯ ಡಾಕ್ಟರು. ಏನೇ ಹೇಳಿದರೂ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ ಅಂತ ಹಳಬರು ತಮಾಷೆ ಮಾಡುವುದನ್ನು ಅವರೂ ಆಫೀಸಿನಲ್ಲಿ ಕೇಳಿರುತ್ತಾರೆ. ನೆಗಡಿ, ಬೆನ್ನುನೋವಿಗೆ ಅದು ಮುಕ್ಕಾಲು ಪಾಲು ನಿಜವೇ. ಮಂಡಿ ಆಪರೇಷನ್ನಿಗೆ ವರ್ಷ ಕಾದವರೂ ನನಗೆ ಗೊತ್ತು. ಆದರೆ ಗಂಟಿನ ಸರದಿಯೇ ಬೇರೆ. ಕ್ಯಾನ್ಸರ್ ಇರಬಹುದೇನೋ ಅಂತ ಜಿಪಿಗೆ ಸಂಶಯ ಬಂದರೆ ಅರ್ಜೆಂಟ್ ರೆಫರಲ್ ಹಾಕುತ್ತಾರೆ, ಅಂದರೆ ಆಸ್ಪತ್ರೆಯ ತಜ್ಞರಿಗೆ ತುರ್ತಾಗಿ ಬರೆದು ಕಳಿಸುತ್ತಾರೆ. ಅಲ್ಲಿಂದ 28 ದಿನದೊಳಗೆ ಹೌದೋ ಅಲ್ಲವೋ ಹೇಳಬೇಕು ಅನ್ನುವುದು ಇಂಗ್ಲೆಂಡಿನ ಗುರಿ. ಎಲ್ಲರ ವಿಷಯದಲ್ಲೂ ಅದು ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ ಡಿಸೆಂಬರಿಗಿಂತ ಬಹಳ ಮೊದಲೇ ಉತ್ತರ ಸಿಗುತ್ತದೆ.

ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರು ತುಂಬಿಕೊಂಡ ಹೈಡ್ರೋಸಿಲ್ ಇರಬಹುದು, ರಕ್ತನಾಳ ಉಬ್ಬಿದ್ದಿರಬಹುದು, ಬರೀ ಸಿಸ್ಟ್ ಅನ್ನುವ ನೀರಿನ ಗುಳ್ಳೆ ಇರಬಹುದು. ಹಾಗಂತ ಮನೆಯಲ್ಲೇ ಕೂತು ತೀರ್ಮಾನ ಮಾಡುವಂತಿಲ್ಲ. ವೃಷಣದ ಕ್ಯಾನ್ಸರ್ ಮುದುಕರ ಕಾಯಿಲೆಯಲ್ಲ. 15ರಿಂದ 49ರ ವಯಸ್ಸಿನವರಲ್ಲೇ ಹೆಚ್ಚು ಕಾಣಿಸುವುದು. ನಿಮ್ಮವರು "ನೋವೇ ಇಲ್ಲವಲ್ಲ" ಅಂದರಂತೆ. ಅದರದ್ದು ಸಾಮಾನ್ಯವಾಗಿ ನೋವಿಲ್ಲದ ಗಂಟೇ. ಕ್ರಿಕೆಟ್ ಬಾಲ್ ತಗುಲಿದ್ದರಿಂದ ಅನ್ನುವುದನ್ನೂ ನಂಬಿ ಕೂರಬೇಡಿ; ಪೆಟ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ, ಪೆಟ್ಟು ಬಿದ್ದಾಗ ಮುಟ್ಟಿ ನೋಡಿಕೊಳ್ಳುತ್ತಾರೆ, ಮೊದಲೇ ಇದ್ದದ್ದು ಆಗ ಕೈಗೆ ಸಿಗುತ್ತದೆ, ಅಷ್ಟೇ. ಬೇಗ ಸಿಕ್ಕರೆ ಇದರಷ್ಟು ಚೆನ್ನಾಗಿ ವಾಸಿಯಾಗುವ ಕ್ಯಾನ್ಸರ್ ಬಹಳ ಇಲ್ಲ. ಒಂದು ವೃಷಣ ತೆಗೆದರೂ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ತೊಂದರೆಯಿಲ್ಲ. ಇದನ್ನು ನೀವೇ ಹೇಳಿ, ಅವರಾಗಿ ಕೇಳುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದರೆ ಅಪಾಯಿಂಟ್‌ಮೆಂಟು ಅಂತೆಲ್ಲ ನೋಡದೆ ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಇನ್ನು ಒಪ್ಪಿಸುವುದು. ಅತ್ತೆಗೆ ಫೋನ್ ಮಾಡಿ ಹೇಳಿಸಬೇಡಿ. ಈ ವಿಷಯ ತಾಯಿಯ ಬಾಯಿಂದ ಬಂದರೆ ಯಾವ ಗಂಡಸೂ ಇನ್ನಷ್ಟು ಮುದುಡಿಕೊಳ್ಳುತ್ತಾನೆ. ಗೂಗಲ್ ಮಾಡಿದ ಚಿತ್ರ ತೋರಿಸಿ ಹೆದರಿಸುವುದೂ ಬೇಡ. ನಾನು ಕಂಡ ಮಟ್ಟಿಗೆ ನಮ್ಮ ಹುಡುಗರ ಹೆದರಿಕೆ ಗಂಟಿನದ್ದಷ್ಟೇ ಅಲ್ಲ. ಕಂಪನಿಗೆ ಗೊತ್ತಾದರೆ? ವೀಸಾಕ್ಕೆ ಕಂಪನಿ ಕೊಟ್ಟ ಸ್ಪಾನ್ಸರ್‌ಶಿಪ್ ಹೋದರೆ? ಲೇಡಿ ಡಾಕ್ಟರ್ ಇದ್ದರೆ? ಇದನ್ನು ಬಾಯಿಬಿಟ್ಟು ಹೇಳಲಾರದೆ ನಿಮ್ಮ ಮೇಲೆ ಸಿಡುಕುವುದು. ಜಿಪಿ ದಾಖಲೆ ಕಂಪನಿಗೆ ಹೋಗುವುದಿಲ್ಲ. ಕಾಯಿಲೆ ಬಂತು ಅಂತ ವೀಸಾ ಕಿತ್ತುಕೊಳ್ಳುವುದಿಲ್ಲ. ಒಂದು ವೇಳೆ ಕ್ಯಾನ್ಸರೇ ಆದರೂ, 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅದು ಗೊತ್ತಾದ ದಿನದಿಂದಲೇ ನೌಕರನಿಗೆ ಕಾನೂನಿನ ರಕ್ಷಣೆ ಇದೆ. ಗಂಡಸು ಡಾಕ್ಟರೇ ಬೇಕು ಅಂತ ಬುಕ್ ಮಾಡುವಾಗ ಕೇಳಬಹುದು. ನೀವೂ ಒಳಗೆ ಹೋಗಬಹುದು.

ದುಡ್ಡಿನ ಮಾತಿಗೆ ಬಗ್ಗುವವರಾದರೆ ಅದನ್ನೂ ಹೇಳಿ. ವೀಸಾ ಜೊತೆ ಇಲ್ಲಿನ ಸರ್ಕಾರಿ ಚಿಕಿತ್ಸೆಗೆ ಅಂತ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಲ್ಲ, ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡು, ಮಗುವಿಗೆ 776. ಮೂರು ವರ್ಷದ ವೀಸಾ ಅಂದರೆ ಮೂವರಿಗೆ 8,538 ಪೌಂಡು. ಇಷ್ಟು ಕಟ್ಟಿ, ಸ್ಕ್ಯಾನಿಗೆ ಊರಿನಲ್ಲಿ ಮತ್ತೆ ಕೈಯಿಂದ ಹಾಕುತ್ತೀರಾ ಅಂತ ಕೇಳಿ ನೋಡಿ. ನಮ್ಮ ಮನೆಯವರನ್ನು ಬಿ.ಪಿ. ತೋರಿಸಲು ಹೊರಡಿಸಿದ್ದು ಈ ಲೆಕ್ಕವೇ.

ಒಳಗೆ ಏನು ಮಾಡುತ್ತಾರೆ ಅನ್ನುವುದು ಗೊತ್ತಿದ್ದರೂ ಅರ್ಧ ಅಂಜಿಕೆ ಹೋಗುತ್ತದೆ. ಡಾಕ್ಟರು ಪರದೆ ಎಳೆದು ಕೈಯಲ್ಲಿ ಮುಟ್ಟಿ ನೋಡುತ್ತಾರೆ, ಕೆಲವರು ಸಣ್ಣ ಟಾರ್ಚ್ ಹಿಡಿಯುತ್ತಾರೆ. ನೀರು ತುಂಬಿದ್ದರೆ ಬೆಳಕು ಆಚೆಗೆ ಹಾಯುತ್ತದೆ. ಜೊತೆಗೆ ಇನ್ನೊಬ್ಬ ಸಿಬ್ಬಂದಿ ನಿಲ್ಲಬೇಕೇ ಅಂತ ಕೇಳುತ್ತಾರೆ, ಬೇಡ ಅನ್ನಬಹುದು. ಮುಂದಿನದ್ದು ಜೆಲ್ ಹಚ್ಚಿ ಮಾಡುವ ಅಲ್ಟ್ರಾಸೌಂಡ್ ಮತ್ತು ರಕ್ತ ಪರೀಕ್ಷೆ. ಗಂಟಿಗೆ ಸೂಜಿ ಚುಚ್ಚುತ್ತಾರೆ ಅಂತ ಹೆದರಿದ್ದರೆ, ವೃಷಣದ ಗಂಟಿಗೆ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

ನಮ್ಮವರು ಎಡವುವುದು ಫೋನಿನಲ್ಲೇ. ಬೆಳಿಗ್ಗೆ 8ಕ್ಕೆ ಸರ್ಜರಿಗೆ (ಇಲ್ಲಿ ಜಿಪಿ ಕ್ಲಿನಿಕ್ಕಿಗೆ ಹಾಗನ್ನುತ್ತಾರೆ) ಫೋನ್ ಹಚ್ಚಿದರೆ ರಿಸೆಪ್ಷನಿಸ್ಟ್ ಏನು ತೊಂದರೆ ಅಂತ ಕೇಳುತ್ತಾಳೆ. ಇವಳಿಗ್ಯಾಕೆ ಅಂತ ನಾಚಿಕೊಂಡು "ಜನರಲ್ ಚೆಕಪ್" ಅಂದರೆ ಮೂರು ವಾರ ಆಚೆಗೆ ಡೇಟು ಕೊಡುತ್ತಾಳೆ. ಅವಳು ಕೇಳುವುದು ಯಾರನ್ನು ಮುಂದೆ ಹಾಕಬೇಕು ಅಂತ ತಿಳಿಯಲು. "ವೃಷಣದಲ್ಲಿ ಗಟ್ಟಿ ಗಂಟು, ಹೊಸದು" ಅಂತ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೇಳಿಬಿಡಿ. ಹೇಳಲು ಮುಜುಗರವಾದರೆ ಸರ್ಜರಿಯ ವೆಬ್‌ಸೈಟಿನಲ್ಲಿ ಫಾರಂ ಇರುತ್ತದೆ, ಅವರ ಒಪ್ಪಿಗೆ ಕೇಳಿ ನೀವೇ ತುಂಬಬಹುದು. ಜಿಪಿಯಲ್ಲಿ ಇನ್ನೂ ಹೆಸರು ಬರೆಸಿಲ್ಲವಾದರೆ ಇವತ್ತೇ ಬರೆಸಿ, ಅದಕ್ಕೆ ದುಡ್ಡಿಲ್ಲ. ಡೇಟು ಸಿಕ್ಕಿದ ಮೇಲೆ "ಹೋಗ್ತೀರಾ" ಅಂತ ಕೇಳಬೇಡಿ. "ಗುರುವಾರ ಹತ್ತಕ್ಕೆ ಇದೆ, ನನಗೆ ನಿದ್ದೆ ಬರುತ್ತಿಲ್ಲ, ನನಗೋಸ್ಕರ ಬನ್ನಿ" ಅನ್ನಿ.

ರೆಫರಲ್ ಆದ ಮೇಲೆ ಆಸ್ಪತ್ರೆಯಿಂದ ಫೋನು ಎಷ್ಟೋ ಸಲ ನಂಬರ್ ಕಾಣಿಸದೆ ಬರುತ್ತದೆ. ಹೊಸದಾಗಿ ಬಂದವರು ಅದನ್ನು ಮೋಸದ ಕಾಲ್ ಅಂತ ಕಟ್ ಮಾಡುತ್ತಾರೆ, ಆಮೇಲೆ ಯಾರೂ ಕರೆಯಲಿಲ್ಲ ಅಂತ ಬೈಯುತ್ತಾರೆ. ರೆಫರಲ್ ಆದ ಮೊದಲ ಎರಡು ವಾರ ಎಲ್ಲ ಫೋನೂ ಎತ್ತಲು ಹೇಳಿ, ಜಿಪಿ ಹತ್ತಿರ ನಿಮ್ಮ ಈಗಿನ ವಿಳಾಸ, ಮೊಬೈಲ್ ನಂಬರ್ ಸರಿಯಿದೆಯಾ ನೋಡಿಕೊಳ್ಳಿ, ಎರಡು ವಾರವಾದರೂ ಸುದ್ದಿಯಿಲ್ಲದಿದ್ದರೆ ನೀವೇ ಸರ್ಜರಿಗೆ ಫೋನ್ ಮಾಡಿ ರೆಫರಲ್ ಹೋಗಿದೆಯಾ ಅಂತ ವಿಚಾರಿಸಿ.