ಕನ್ನಡ ಫೈಲ್ ಓದಿದರೆ ಅಲ್ಲಲ್ಲಿ ಅಕ್ಷರ ಒಡೆಯುತ್ತದೆ, ಯಾಕೆ?

ಪ್ರಶ್ನೆ: ಜಾವಾದಲ್ಲಿ ಇನ್‌ಪುಟ್‌ಸ್ಟ್ರೀಮ್‌ನಿಂದ 1024 ಬೈಟ್‌ಗಳ ಬಫರ್‌ಗೆ ಓದಿ, ಪ್ರತಿ ಸಲ ಆ ಬಫರ್‌ನಿಂದ ಸ್ಟ್ರಿಂಗ್ ಮಾಡಿ ಜೋಡಿಸುತ್ತಿದ್ದೇನೆ. ಇಂಗ್ಲಿಷ್ ಅಕ್ಷರಗಳು ಸರಿ ಬರುತ್ತವೆ. ಕನ್ನಡದಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ಡೈಮಂಡ್ ಒಳಗೆ ಪ್ರಶ್ನೆ ಗುರುತು ಬರುತ್ತದೆ. ಎರಡರಲ್ಲೂ ಕೊನೆಗೆ ಹಳೇ ಸಾಲುಗಳು ಮತ್ತೆ ಕಾಣಿಸುತ್ತವೆ. ಅವೈಲಬಲ್ ಮೆಥಡ್‌ನಿಂದ ಸೈಜ್ ತಿಳಿದುಕೊಂಡು ಒಂದೇ ಸಲ ಓದಿಬಿಡಲಾ?

ಉತ್ತರ: ಅವೈಲಬಲ್ ಬೇಡವೇ ಬೇಡ. ಕಾಯದೆ ಈಗ ಎಷ್ಟು ಬೈಟ್ ಸಿಗಬಹುದು ಅನ್ನುವ ಅಂದಾಜನ್ನಷ್ಟೇ ಅದು ಹೇಳುತ್ತದೆ, ಫೈಲ್ ಸೈಜನ್ನಲ್ಲ. ನೆಟ್‌ವರ್ಕ್ ಸ್ಟ್ರೀಮ್ ಆದರೆ ಡೇಟಾ ಇನ್ನೂ ಬರುವುದಿದ್ದರೂ ಸೊನ್ನೆ ಕೊಟ್ಟೀತು.

ನಿಮ್ಮ ಕೋಡ್‌ನಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಹಳೇ ಸಾಲಿನದು ಸುಲಭ. ರೀಡ್ ಮೆಥಡ್ ಬಫರನ್ನು ಪೂರ್ತಿ ತುಂಬಿಯೇ ತೀರುತ್ತದೆ ಅಂತೇನಿಲ್ಲ. ಎಷ್ಟು ಬೈಟ್ ಓದಿತೋ ಆ ಸಂಖ್ಯೆ ವಾಪಸ್ ಕೊಡುತ್ತದೆ, ಮುಗಿದಿದ್ದರೆ -1. ಕೊನೇ ಸಲ 200 ಬೈಟ್ ಮಾತ್ರ ಬಂತು ಅಂದುಕೊಳ್ಳಿ, ಉಳಿದ 824 ಜಾಗದಲ್ಲಿ ಹಿಂದಿನ ಸಲದ್ದೇ ಕೂತಿರುತ್ತದೆ. ನೀವು ಅದನ್ನೂ ಸೇರಿಸಿಕೊಳ್ಳುತ್ತಿದ್ದೀರಿ.

ಡೈಮಂಡ್ ಕಥೆ ಬೇರೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8; ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ನಮ್ಮ 'ಕ'ಗೆ 3 ಬೇಕು: 224, 178, 149. 'ಕು' ಅಂದರೆ ಕೊಂಬೂ ಸೇರಿ 6, 'ಕ್ಷ'ಗೆ 9. ಬಫರ್ ಮುಗಿಯುವ ಜಾಗಕ್ಕೆ ಸರಿಯಾಗಿ 'ಕ' ಬಂದರೆ 224 ಈ ಕಡೆ, ಉಳಿದೆರಡು ಆ ಕಡೆ. ಎರಡು ತುಂಡನ್ನೂ ಬೇರೆ ಬೇರೆ ಸ್ಟ್ರಿಂಗ್ ಮಾಡಿದರೆ ಯಾವುದಕ್ಕೂ ಅರ್ಥವಿರುವುದಿಲ್ಲ, ಅಲ್ವಾ? ಬಫರ್ ದೊಡ್ಡದು ಮಾಡಿದರೆ ಡೈಮಂಡ್ ಕಡಿಮೆಯಾದೀತು, ಹೋಗುವುದಿಲ್ಲ. 3ರಿಂದ ಭಾಗವಾಗುವ 1023 ಇಟ್ಟರೂ ಆಗದು, ಒಂದು ಸ್ಪೇಸ್ ಬಂದರೆ ಸಾಕು, ಲೆಕ್ಕ ತಪ್ಪುತ್ತದೆ.

ಹಾಗಾಗಿ ಬೈಟ್‌ಗಳನ್ನು ನೀವೇ ಅಕ್ಷರ ಮಾಡಲು ಹೋಗಬೇಡಿ. ಸ್ಟ್ರೀಮಿಗೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ಸುತ್ತಿ, ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ. ಅರ್ಧ ಬಂದ ಅಕ್ಷರವನ್ನು ಅದೇ ಹಿಡಿದಿಟ್ಟುಕೊಂಡು, ಉಳಿದ ಬೈಟ್ ಬಂದ ಮೇಲೆ ಕೊಡುತ್ತದೆ. ಸಾಲು ಸಾಲಾಗಿ ಬೇಕಿದ್ದರೆ ಮೇಲೆ ಬಫರ್ಡ್‌ರೀಡರ್ ಹಾಕಿ. ಫೈಲ್ ಚಿಕ್ಕದಾ? ಸುಮ್ನೆ ರೀಡ್‌ಆಲ್‌ಬೈಟ್ಸ್ ಕರೆದು ಕೊನೆಗೆ ಒಂದೇ ಸಲ ಸ್ಟ್ರಿಂಗ್ ಮಾಡಿ, ಜಾವಾ 9ರಿಂದ ಇದೆ. ನೂರಾರು ಎಂಬಿ ಇರುವ ಫೈಲಿಗೆ ಇದನ್ನು ಮಾಡಬೇಡಿ, ಎಲ್ಲಾ ಮೆಮೊರಿಗೇ ಬಂದು ಕೂರುತ್ತದೆ.

ಯುಟಿಎಫ್-8 ಹೇಳದಿದ್ದರೆ ಜಾವಾ 18ಕ್ಕಿಂತ ಹಳೇ ವರ್ಶನ್‌ಗಳು ಆಪರೇಟಿಂಗ್ ಸಿಸ್ಟಂನ ಡಿಫಾಲ್ಟ್ ಪದ್ಧತಿಯನ್ನೇ ಹಿಡಿಯುತ್ತವೆ, ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಬೇರೆಯೇ. ಆಗ ಅಲ್ಲೊಂದು ಇಲ್ಲೊಂದು ಅಕ್ಷರ ಅಲ್ಲ, ಇಡೀ ಕನ್ನಡವೇ ಕಲಸುಮೇಲೋಗರ.