ಇನ್ವರ್ಟರ್ ಜೋಕು ಮತ್ತು ಅರ್ಧ ಉಳಿದ ರೊಟ್ಟಿ

ಬಾಗಲಕೋಟೆಯ ನವನಗರದಿಂದ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗ ಬಿ.ಕಾಂ ಮುಗಿಸಿ ವರ್ಷವಾಗುತ್ತ ಬಂತು. ನೌಕರಿ ಹತ್ತಿಲ್ಲ. ಮನೆಯಲ್ಲಿದ್ದುಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ತಿಂಗಳು ನಮ್ಮ ನಗೆ ಪುಟದಲ್ಲಿ ಒಂದು ಜೋಕು ಬಂದಿತ್ತು: ‘ಡಿಗ್ರಿ ಮುಗಿಸಿದ ಮಗನಿಗೂ ಮನೆಯ ಇನ್ವರ್ಟರಿಗೂ ಏನು ಫರಕು? ಇನ್ವರ್ಟರು ಕರೆಂಟು ಹೋದಾಗಲಾದರೂ ಕೆಲಸ ಮಾಡುತ್ತದೆ.’ ರಾತ್ರಿ ಊಟದ ಹೊತ್ತಿಗೆ ಯಜಮಾನರು ಅದನ್ನು ಜೋರಾಗಿ ಓದಿದರಂತೆ. ಮನೆಗೆ ಬಂದಿದ್ದ ಅವರ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಗ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ‘ನಾನು ನಗಬೇಕೋ ಅಳಬೇಕೋ ನೀವೇ ಹೇಳ್ರಿ. ಇಂಥಾದ್ದು ಯಾಕ ಹಾಕ್ತೀರಿ?’ ಎಂದು ಕೇಳಿದ್ದಾರೆ.

ಅಕ್ಕಾವರೇ, ನಮಸ್ಕಾರ.

ಆ ಜೋಕು ಆರಿಸಿದವನು ನಾನೇ. ಅದು ಒಳ್ಳೆಯ ಜೋಕು ಅಂತ ಈಗಲೂ ನನಗೆ ಅನ್ನಿಸುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಆ ಅರ್ಧ ರೊಟ್ಟಿಯ ಮಾತು ಓದಿದ ಮೇಲೆ ಎರಡು ದಿನ ಅದೇ ತಲೆಯಲ್ಲಿ ಉಳಿಯಿತು. ಜೋಳದ ರೊಟ್ಟಿ ಬಡಿಯುವುದು ಎಷ್ಟು ಕಷ್ಟ ಅಂತ ನಮ್ಮ ಸೀಮೆಯ ಮಕ್ಕಳಿಗೆ ಗೊತ್ತು. ಅವ್ವ ಬಡಿದ ರೊಟ್ಟಿಯನ್ನು ಸುಮ್ನೆ ಬಿಟ್ಟು ಏಳುವವರಲ್ಲ. ಹುಡುಗನಿಗೆ ನೋವಾಗಿದೆ. ಅದರಲ್ಲಿ ನಮ್ಮ ಪತ್ರಿಕೆಯ ಪಾಲೂ ಇದೆ. ಕ್ಷಮಿಸಿ ಎಂದು ಅವನಿಗೆ ತಿಳಿಸಿ.

ಆ ಜೋಕು ಎಲ್ಲಿ ಕೇಳಿದೆ ಅಂತ ಹೇಳುತ್ತೇನೆ. ವಿಜಯಪುರದಲ್ಲಿ ಕೋಚಿಂಗ್ ಸೆಂಟರುಗಳು ಜಾಸ್ತಿ. ಸುತ್ತಲಿನ ತಾಲ್ಲೂಕುಗಳಿಂದ ಹುಡುಗರು ಬಂದು ರೂಮು ಮಾಡಿಕೊಂಡಿರುತ್ತಾರೆ. ಅವರು ಓದಲು ಕೂರುವ ಜಾಗದ ಹತ್ತಿರ ಒಂದು ಚಹಾದ ಅಂಗಡಿ ಇದೆ, ನಾನು ಸಂಜೆ ಅಲ್ಲಿ ಕೂರುತ್ತೇನೆ. ಇನ್ವರ್ಟರ್ ಜೋಕು ಹೇಳಿದ್ದು ಬಿ.ಎಸ್ಸಿ ಮುಗಿಸಿದ ಹುಡುಗ. ಕೇಳಿದವರು ಎಂಟು ಜನ. ಎಂಟೂ ಜನಕ್ಕೆ ಕೆಲಸ ಇರಲಿಲ್ಲ. ಹೇಗೆ ನಕ್ಕರು ಅಂದರೆ ಒಬ್ಬನ ಕೈಯಲ್ಲಿದ್ದ ಮಿರ್ಚಿ ಭಜಿ ಕೆಳಗೆ ಬಿತ್ತು.

ಅಲ್ಲಿ ಇದಕ್ಕಿಂತ ಖಾರದ ಮಾತುಗಳು ನಡೆಯುತ್ತವೆ. ತಾವು ಕಾಯುತ್ತಿರುವ ಸರಕಾರಿ ಹುದ್ದೆಗಳ ಹೆಸರಿಗೆ ಅವರದೇ ಅರ್ಥ. ಪಿಡಿಒ ಅಂದರೆ ‘ಪೂರ್ತಿ ದಿನಾ ಓದು.’ ಎಸ್‌ಡಿಎ ಅಂದರೆ ‘ಸುಮ್ನೆ ದಿನಾ ಅಲೆದಾಟ.’ ಕೆಎಎಸ್ ಅಂದರೆ ‘ಕಾಯೋದ ಆತು, ಸಾಹೇಬ್ರ.’ ಒಬ್ಬನ ದೂರು ಬೇರೆಯದೇ. ಅವನೂ ಅವನ ತಂಗಿಯೂ ಒಂದೇ ಪರೀಕ್ಷೆ ಬರೆಯಲು ಧಾರವಾಡಕ್ಕೆ ಹೋಗಿದ್ದರು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ತಂಗಿಗೆ ಬಸ್ಸು ಬಿಟ್ಟಿ, ಇವನಿಗೆ ಪೂರಾ ಟಿಕೆಟ್ಟು. ‘ಹೋಗುವಾಗ ಅಪ್ಪನ ರೊಕ್ಕ ಹಾಳು ಮಾಡಿದವ ನಾನ, ಬರುವಾಗ ಪೇಪರ್ ಚಲೋ ಮಾಡಿ ಬಂದಾಕಿ ಅಕಿ’ ಅಂತ ಅವನೇ ಹೇಳಿ ಅವನೇ ನಕ್ಕ. ಅವರ ಗುಂಪಿಗೆ ಆಗಾಗ ಬರುವ ಹುಡುಗಿಯೊಬ್ಬಳು ಹೇಳಿದ್ದಂತೂ ನಾನು ಮರೆಯುವ ಹಾಗಿಲ್ಲ. ‘ನನ್ನ ಬಯೋಡೇಟಾ ಎರಡು ಕಡೆ ತಿರುಗಾಡಾಕತ್ತದ್ರಿ ಸರ್. ಒಂದು ಕಂಪನಿಗೆ, ಒಂದು ವರನ ಕಡೆಗೆ. ಎರಡೂ ಕಡೆಯವರು ತಿಳಿಸ್ತೀವಿ ಅಂದಾರ.’

ಈ ಹುಡುಗಿಯ ಮಾತನ್ನು ಅವಳ ಮಾವನೋ ಕಾಕಾನೋ ನಾಲ್ಕು ಜನರ ಮುಂದೆ ಹೇಳಿದ್ದರೆ? ಅದೇ ಮಾತು, ಅದೇ ಪದ. ಆದರೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ತಪ್ಪಿದ್ದು ಇಲ್ಲಿಯೇ. ಚಹಾದ ಅಂಗಡಿಯಲ್ಲಿ ಆ ಜೋಕನ್ನು ಯಾರು ಹೇಳಿದರು, ಯಾರ ನಡುವೆ ಕೂತು ಹೇಳಿದರು ಎಂಬುದನ್ನು ಬಿಟ್ಟು ಬರೀ ಎರಡು ಸಾಲು ಎತ್ತಿ ಪುಟಕ್ಕೆ ಹಾಕಿದೆ. ಕೆಲಸ ಇಲ್ಲದವನು ತನ್ನ ಜೊತೆಯವರಿಗೆ ಹೇಳಿದ ಮಾತು ನಿಮ್ಮ ಮನೆಗೆ ಬರುವ ಹೊತ್ತಿಗೆ ಕೆಲಸ ಇದ್ದವರು ಇಲ್ಲದವನಿಗೆ ಹೇಳಿದ ಮಾತಾಯಿತು.

ನನ್ನದೇ ಒಂದು ಸಂಗತಿ ಹೇಳಬೇಕು. 1988ರಲ್ಲಿ ನಾನು ಬಿ.ಎ ಮುಗಿಸಿದೆ. ವಿಜಯಪುರ ಆಗ ಬಿಜಾಪುರ. ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಹಚ್ಚಿಸಿ, ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿ, ಉಳಿದ ಹೊತ್ತು ಊರಲ್ಲಿ ಹೊಲ ನೋಡಿಕೊಂಡು ಹನ್ನೊಂದು ತಿಂಗಳು ಕಳೆದೆ. ಆ ಬೇಸಿಗೆಯಲ್ಲಿ ಒಂದು ಮದುವೆಯ ಊಟದ ಪಂಕ್ತಿ. ಎದುರು ಸಾಲಿನಲ್ಲಿ ಕೂತ ದೂರದ ಮಾವನೊಬ್ಬರು ಎಲ್ಲರಿಗೂ ಕೇಳುವಂತೆ, ‘ಏನಪಾ, ಏನ್ ಮಾಡಾಕತ್ತಿ ಈಗ?’ ಅಂದರು. ನನ್ನ ಬಾಯಲ್ಲಿ ಹೋಳಿಗೆ ಇತ್ತು. ‘ಊಟ ಮಾಡಾಕತ್ತೀನ್ರಿ ಮಾಮಾ’ ಅಂದೆ. ಯೋಚಿಸಿ ಅಂದದ್ದಲ್ಲ, ಬಂದುಬಿಟ್ಟಿತು. ಪಂಕ್ತಿ ಒಂದು ಕ್ಷಣ ಸುಮ್ಮನಾಯಿತು. ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಬೈಗುಳ ಬಂತು ಅಂದುಕೊಂಡೆ. ಅಪ್ಪ ಜೋರಾಗಿ ನಕ್ಕರು. ನಕ್ಕು, ನೀಡುವವನನ್ನು ಕರೆದು, ‘ನನ್ನ ಮಗ ಕೆಲಸದಾಗ ಅದಾನ, ಇನ್ನೊಂದು ಹೋಳಿಗಿ ಹಾಕ’ ಅಂದರು. ಆಮೇಲೆ ನಕ್ಕಿದ್ದು ಇಡೀ ಪಂಕ್ತಿ, ಆ ಮಾವನೂ ಸೇರಿ.

ಅಪ್ಪನಿಗೆ ಆಗ ನನ್ನ ಚಿಂತೆ ಇರಲಿಲ್ಲ ಅಂತಲ್ಲ. ಫೀಸಿಗೆ ತೆಗೆದ ಸಾಲ ಇನ್ನೂ ತೀರಿರಲಿಲ್ಲ. ಆದರೆ ಅವರು ನನ್ನ ಪಕ್ಕ ಕೂತು ನಕ್ಕರು. ಆ ನಗು ನನ್ನನ್ನು ಎಷ್ಟು ತಿಂಗಳು ಎತ್ತಿ ಹಿಡಿಯಿತು ಅಂತ ಲೆಕ್ಕ ಹೇಳಲು ಬರುವುದಿಲ್ಲ. ಮರುದಿನ ಟೈಪಿಂಗ್ ಕ್ಲಾಸಿಗೆ ತಲೆ ಎತ್ತಿ ಹೋದದ್ದು ನೆನಪಿದೆ.

ನಿಮ್ಮ ಯಜಮಾನರನ್ನು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನೀವೂ ಹೇಳಿಲ್ಲ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ ಎಂದಿದ್ದೀರಿ. ಸೀರೆ ಕೊಳ್ಳಲು ಬಂದವರೆಲ್ಲ ಪರಿಚಯದವರೇ. ದಿನಕ್ಕೆ ನಾಲ್ಕು ಸಲವಾದರೂ ‘ಮಗ ಏನ್ ಮಾಡಾಕತ್ತಾನ್ರಿ?’ ಅಂತ ಕೇಳುತ್ತಾರೆ, ‘ತಯಾರಿ ನಡೆಸ್ಯಾನ್ರಿ’ ಅಂತ ಇವರು ಹೇಳುತ್ತಾರೆ. ಮಗನಿಗೆ ಆ ಪ್ರಶ್ನೆ ಮದುವೆ ಮುಂಜಿಯಲ್ಲಿ ಮಾತ್ರ ಬರುತ್ತದೆ. ಅಪ್ಪನಿಗೆ ದಿನಾ ಬರುತ್ತದೆ. ದಿನವಿಡೀ ಹೊತ್ತುಕೊಂಡದ್ದನ್ನು ರಾತ್ರಿ ಒಂದು ಜೋಕಿನಲ್ಲಿ ಇಳಿಸಿದರು. ಇಳಿದದ್ದು ಮಗನ ತಟ್ಟೆಯ ಮೇಲೆ.

ಪತ್ರದ ನಡುವೆ ಒಂದು ಸಾಲು ಬರೆದಿದ್ದೀರಿ. ಯಜಮಾನರ ಹಿರಿಯರ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಹಿನ್ನೀರಿನಲ್ಲಿ ಹೋಯಿತು ಅಂತ. ಇದನ್ನು ಅವರು ಮಗನಿಗೆ ಪೂರ್ತಿ ಹೇಳಿದ್ದಾರಾ? ಆ ಹಿನ್ನೀರಿನ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರು ಊರಿನ ಬಾಗಿಲಿಗೆ ಬರಲು ದಶಕಗಳು ಹಿಡಿದವು. ಅಷ್ಟು ವರ್ಷ ಆ ಊರಿನ ಜನ ಕಾಯುತ್ತಲೇ ಬದುಕಿದರು. ಗೋಡೆ ಬಿರುಕು ಬಿಟ್ಟರೆ ಮುಚ್ಚಬೇಕೋ ಬೇಡವೋ? ಹೇಗೂ ಮುಳುಗುವ ಮನೆ ಅಲ್ವಾ? ದೀಪಾವಳಿಗೆ ಸುಣ್ಣ ಹಚ್ಚಬೇಕೋ? ಹೊಸ ಊರಲ್ಲಿ ಪ್ಲಾಟು ಯಾವ ಸೆಕ್ಟರಿನಲ್ಲಿ, ಯಾವಾಗ? ನಿಮ್ಮ ಯಜಮಾನರಿಗೂ ಇಪ್ಪತ್ತೆರಡು ವರ್ಷ ಆಗಿತ್ತಲ್ಲ, ಆಗ ಅವರಿಗೂ ‘ಮುಂದ ಏನು?’ ಅಂದರೆ ಉತ್ತರ ಇರಲಿಲ್ಲ. ಈಗ ನಿಮ್ಮ ಮಗ ನೋಟಿಫಿಕೇಶನ್ನಿಗೆ ಕಾಯುತ್ತಿದ್ದಾನೆ. ಪರೀಕ್ಷೆ ಮುಂದೆ ಹೋಗುತ್ತದೆ, ರಿಸಲ್ಟು ತಡವಾಗುತ್ತದೆ, ಒಬ್ಬರು ಕೋರ್ಟಿಗೆ ಹೋದರೆ ಎಲ್ಲವೂ ನಿಲ್ಲುತ್ತದೆ. ಕಾಯುವ ಕಷ್ಟ ಏನೆಂದು ಆ ಮನೆಯಲ್ಲಿ ಚೆನ್ನಾಗಿ ಗೊತ್ತಿರುವುದು ಅಪ್ಪನಿಗೇ. ಒಂದು ಭಾನುವಾರ ಇಬ್ಬರೂ ಹಿನ್ನೀರಿನ ದಂಡೆಗೆ ಹೋಗಿ ಬರಲಿ. ‘ನಮ್ಮ ಮನಿ ಅಲ್ಲಿತ್ತು’ ಅಂತ ಕೈ ಮಾಡಿ ತೋರಿಸಲಿ. ಉಪದೇಶ ಏನೂ ಬೇಡ. ಸುಣ್ಣ ಹಚ್ಚಿದರೋ ಇಲ್ಲವೋ, ಅಷ್ಟು ಹೇಳಿದರೆ ಸಾಕು.

ಇನ್ನು ಕೆಲಸ ಸಿಗದ ಹುಡುಗರಿಗೆ ಸರಕಾರ ಕೊಡುವ ಯುವನಿಧಿಯ ವಿಷಯ. ತಿಂಗಳಿಗೆ ಬರುವ 3000 ರೂಪಾಯಿಗೆ ಯಜಮಾನರು ‘ಸಾಹೇಬರ ಪಗಾರ’ ಎಂದು ಹೆಸರಿಟ್ಟಿದ್ದಾರೆ, ಅದು ಬಂದ ದಿನ ಮಗ ಮುಖ ಕೊಟ್ಟು ಮಾತಾಡುವುದಿಲ್ಲ ಎಂದಿದ್ದೀರಿ. ಈ ಹೆಸರನ್ನು ದಯವಿಟ್ಟು ನಿಲ್ಲಿಸಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ ಮಾತ್ರ ಅದು ಸಿಗುತ್ತದೆ. ಡಿಗ್ರಿಯವರಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಹೆಚ್ಚೆಂದರೆ 2 ವರ್ಷ. ಮುಂದೆ ಓದಲು ಸೇರಿದರೆ ಇಲ್ಲ, ಕೆಲಸ ಸಿಕ್ಕರೆ ನಿಲ್ಲುತ್ತದೆ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ’ ಎಂದು ಹುಡುಗ ತಾನೇ ಬರೆದುಕೊಡಬೇಕು. ಇಪ್ಪತ್ತೆರಡರ ಹುಡುಗನಿಗೆ ಅದು ಎಷ್ಟು ಕಷ್ಟ ಯೋಚಿಸಿ. ಆ ದುಡ್ಡು ಅರ್ಜಿ ಫೀಸು, ಝೆರಾಕ್ಸು, ಬಸ್ಸು, ಪುಸ್ತಕ ಅಂತ ತಿಂಗಳ ಮಧ್ಯಕ್ಕೇ ಮುಗಿಯುತ್ತದೆ. ಅದಕ್ಕೆ ಹೆಸರಿಡುವ ಹಕ್ಕು ಅವನೊಬ್ಬನಿಗೇ. ಅವನೇ ‘ಪಗಾರ ಆತು, ಮಿರ್ಚಿ ತರತೀನಿ’ ಅಂದರೆ ಆಗ ಎಲ್ಲರೂ ನಗಿ.

ಅಪ್ಪ ಮಗನ ನಡುವೆ ನೀವು ಮಾಡುವ ಕೆಲಸ ಓದಿ ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅವರು ‘ಎದ್ದನೇನು ನಿನ್ನ ಕುಂಭಕರ್ಣ?’ ಅಂದರೆ ನೀವು ಕೋಣೆಗೆ ಹೋಗಿ ‘ಅಪ್ಪ ಚಹಾಕ್ಕ ಕರ್ಯಾಕತ್ತಾರ’ ಅನ್ನುತ್ತೀರಿ. ಅವನು ‘ನಂಗ ಬ್ಯಾಡ, ಅವರ ಕುಡೀಲಿ’ ಅಂದರೆ ಹೊರಗೆ ಬಂದು ‘ರಾತ್ರಿ ಒಂದರ ತನಕ ಓದ್ಯಾನ, ಪಾಪ’ ಅನ್ನುತ್ತೀರಿ. ಎರಡೂ ಕಡೆ ಮಾತು ತಿದ್ದಿ ಮುಟ್ಟಿಸುವ ಈ ಕೆಲಸಕ್ಕೆ ಪ್ರೀತಿಯ ಜೊತೆ ಜಾಣತನವೂ ಬೇಕು. ಆದರೆ ಅಕ್ಕಾವರೇ, ಇದರಿಂದ ನೀವು ದಣಿದಿದ್ದೀರಿ, ಅದು ಅಕ್ಷರದಲ್ಲೇ ಕಾಣುತ್ತದೆ. ಒಂದು ದಿನ ಇಬ್ಬರನ್ನೂ ಕೂರಿಸಿ, ಯಾರು ಏನು ಅಂದಿದ್ದರು, ನೀವು ಏನು ಮುಟ್ಟಿಸಿದ್ದಿರಿ, ಎರಡನ್ನೂ ಹೇಳಿಬಿಡಿ. ನಗು ಬಂದೇ ಬರುತ್ತದೆ. ಆ ನಗುವಿನಲ್ಲಿ ಸೋತವರು ಯಾರೂ ಇರುವುದಿಲ್ಲ.

ಯಜಮಾನರ ತಮ್ಮನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂದಿನ ಸಲ ಅವರು ಬಂದಾಗ ಮಗನ ಪಕ್ಕ ಅಪ್ಪ ಕೂರಲಿ.

ನಗೆ ಪುಟದ ಬಗ್ಗೆ ಒಂದು ನಿರ್ಧಾರ ಮಾಡಿದ್ದೇವೆ. ಡಿಗ್ರಿ ಮುಗಿಸಿದವರ ಜೋಕುಗಳನ್ನು ಇನ್ನು ಮೇಲೆ ಅವರೇ ಬರೆಯಬೇಕು. ಚಹಾದ ಅಂಗಡಿಯ ಹುಡುಗರು ಆಗಲೇ ಒಂದು ನೋಟುಬುಕ್ಕು ಶುರು ಮಾಡಿದ್ದಾರೆ. ಬಯೋಡೇಟಾದ ಹುಡುಗಿ ತನ್ನದನ್ನು ಕೊಡುತ್ತೇನೆ ಎಂದಿದ್ದಾಳೆ. ತನ್ನ ಸಂಗತಿಯನ್ನೇ ಜೋಕು ಮಾಡುವ ಅವಳ ಧೈರ್ಯ ನೋಡಿದರೆ ಮುಂದೆ ಅವಳು ಬರೆಯುವುದನ್ನು ಕಾದು ಓದಬೇಕು ಅನ್ನಿಸುತ್ತದೆ. ಅಪ್ಪ ಅವ್ವಂದಿರ ಜೋಕೂ ಬೇಕು, ಅದನ್ನು ಅಪ್ಪ ಅವ್ವಂದಿರೇ ಬರೆಯಲಿ. ನೀವೇ ಒಂದು ಕೊಟ್ಟಿದ್ದೀರಿ. ಕಾಲೇಜು ಮುಗಿದ ಮರುದಿನವೂ ಐದಕ್ಕೆ ಎದ್ದು, ಡಬ್ಬಿ ಕಟ್ಟಿ, ಮಗನ ಮಂಚದ ಹತ್ತಿರ ಇಟ್ಟು, ಆಮೇಲೆ ‘ಅಯ್ಯ, ಇವತ್ತ ಎಲ್ಲಿಗಿ ಹೋಗ್ತಾನ ಇಂವ’ ಅಂತ ನೆನಪಾಗಿ ಒಬ್ಬರೇ ನಕ್ಕಿರಂತೆ. ಒಪ್ಪಿದರೆ ಹೆಸರಿಲ್ಲದೆ ಹಾಕುತ್ತೇವೆ.

ಆ ಡಬ್ಬಿ ಈಗ ಅಟ್ಟದ ಮೇಲಿದೆ, ಅದನ್ನು ನೋಡಿದರೆ ಸಂಕಟ ಆಗುತ್ತದೆ ಎಂದು ಕೊನೆಗೆ ಬರೆದಿದ್ದೀರಿ. ಕೆಳಗೆ ಇಳಿಸಿರಿ. ಮಗ ದಿನಾ ಗ್ರಂಥಾಲಯಕ್ಕೆ ಹೋಗಿ ಓದುತ್ತಾನಂತಲ್ಲ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಮತ್ತೆ ಹೋಗುವುದಿಲ್ಲ ಎಂದೂ ಹೇಳಿದ್ದೀರಿ. ಡಬ್ಬಿ ಕಟ್ಟಿ ಕೊಡಿ. ಎರಡು ರೊಟ್ಟಿ ಜಾಸ್ತಿ ಇಡಿ, ಶೇಂಗಾ ಹಿಂಡಿ ಸ್ವಲ್ಪ ಹೆಚ್ಚೇ ಇರಲಿ. ಅಲ್ಲಿ ರೂಮು ಮಾಡಿಕೊಂಡಿರುವ ಹುಡುಗರು ಇರುತ್ತಾರೆ.